ಕೋಟಿನ ಅಳತೆಯ ಜವಾನ

ಸರ್ಕಾರಿ ಕೆಲಸ ಖಾಲಿ ಇದೆ ಎಂದು ಒಂದು ಕೂಗು ಹಾಕಿದರೆ ಸಾಕು, ಜನ ಸಾಲುಗಟ್ಟಿ ನಿಲ್ಲುತ್ತಾರೆ ಎಂದು ಮೈಸೂರಿನಲ್ಲಿ ಪಂಖದ ಕೆಳಗೆ ಕೂತ ಮಹನೀಯರು ನಂಬಿದ್ದಾರೆ. ನಂಬಿಕೊಳ್ಳಲಿ, ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ಅವರಲ್ಲಿ ಒಬ್ಬರೂ ಮೂಡಿಗೆರೆಯಲ್ಲಿ ಒಬ್ಬ ಜವಾನನನ್ನು ಹುಡುಕಿದವರಲ್ಲ. ನಾನು ಹುಡುಕಿದ್ದೇನೆ. ಒಂದು ದಿನ ಎರಡು ದಿನವಲ್ಲ, ಹದಿನೆಂಟು ತಿಂಗಳು. ಇಷ್ಟು ಹೊತ್ತಿಗೆ ಒಂದು ಹೆಣ್ಣಿಗೆ ವರ ಹುಡುಕಿ, ಮದುವೆ ಮಾಡಿ, ಬಾಣಂತನವನ್ನೂ ಮುಗಿಸಬಹುದಿತ್ತು. (ಇದು ನನ್ನ ಲೆಕ್ಕವಲ್ಲ, ನನ್ನ ಹೆಂಡತಿ ಸರ್ವಮಂಗಳೆಯದು. ಅವಳು ಇಂಥ ಲೆಕ್ಕಗಳನ್ನು ನಾನು ಊಟಕ್ಕೆ ಕೂತಾಗಲೇ ಒಪ್ಪಿಸುತ್ತಾಳೆ.)

ನಮ್ಮ ಇಲಾಖೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದಕ್ಕೂ ಒಂದು ಮೆಮೊ ಬರುತ್ತದೆ. ಕಚೇರಿ ಎಂದರೆ ಸೋರುವ ಒಂದು ಕೋಣೆ, ಒಂದು ಮೇಜು, ಒಂದು ಬೀರು, ಮುನ್ಷಿ ಶಾಂತವೀರಪ್ಪನಾದ ನಾನು, ಮತ್ತು ಒಬ್ಬ ಜವಾನ. ಆ ಜವಾನ ಕೆಂಪಯ್ಯ ಆರಡಿ ಆಳು. ಬಾಗಿಲಲ್ಲಿ ನಿಂತರೆ ಕೋಣೆಗೆ ಬೆಳಕು ಬರುತ್ತಿರಲಿಲ್ಲ. ಎಸ್ಟೇಟಿನ ಒಬ್ಬ ದೊರೆ ಏನೋ ಕಾಗದಕ್ಕೆಂದು ಕಚೇರಿಗೆ ಬಂದವನು ಅವನ ಗಾತ್ರ ನೋಡಿ ಮರುಳಾಗಿ, ಮೇಸ್ತ್ರಿ ಮಾಡುತ್ತೇನೆ ಬಾ ಎಂದ. ಮಾರನೆಯ ದಿನವೇ ಕೆಂಪಯ್ಯ ಸರ್ಕಾರಿ ಕೋಟು, ಪೇಟ, ಹಿತ್ತಾಳೆ ಬಿಲ್ಲೆ ಮೂರನ್ನೂ ನನ್ನ ಮೇಜಿನ ಮೇಲಿಟ್ಟು ಕೈಮುಗಿದು ಹೊರಟುಹೋದ. ಅಂದಿನಿಂದ ನಾನೇ ಗಂಟೆ ಬಾರಿಸಿ, ನಾನೇ ಎದ್ದು ಹೋಗಿ, ನನಗೆ ಬೇಕಾದ ಕಡತವನ್ನು ನಾನೇ ತಂದುಕೊಡುವ ಪದ್ಧತಿ ಶುರುವಾಯಿತು. (ಹಾಗಾದರೆ ಗಂಟೆ ಯಾಕೆ ಬಾರಿಸಬೇಕು ಎಂದು ನೀವು ಕೇಳಬಹುದು. ಕಚೇರಿ ಎಂದಮೇಲೆ ಗಂಟೆ ಬಾರಿಸದೆ ಆಗುತ್ತದೆಯೆ?)

ಇನ್ನೊಬ್ಬ ಜವಾನನನ್ನು ನೇಮಿಸಲು ಇದ್ದ ತೊಂದರೆ ಒಂದೇ, ಅದು ಆ ಕೋಟು. ಕಡುನೀಲಿ ಉಣ್ಣೆ, ಎರಡು ಸಾಲು ಹಿತ್ತಾಳೆ ಗುಂಡಿ, ತೋಳಿಗೆ ಕೆಂಪು ಪಟ್ಟಿ. ಕೆಂಪಯ್ಯನ ಮೈ ಅಳೆದು ಮೈಸೂರಿನಲ್ಲಿ ಹೊಲಿಸಿದ್ದು. ಸರ್ಕಾರಿ ಕೋಟಿನ ಆಯುಷ್ಯ ಏಳು ವರ್ಷ. ಇದಕ್ಕೆ ಆಗಿದ್ದದ್ದು ಎರಡೇ. ಏಳು ತುಂಬದೆ ಹೊಸದು ಕೊಡುವುದಿಲ್ಲ. ಕೋಟಿಲ್ಲದೆ ಜವಾನನನ್ನು ನಿಲ್ಲಿಸುವಂತಿಲ್ಲ. ಹಾಗಾದರೆ ಇದನ್ನೇ ಸ್ವಲ್ಪ ಚಿಕ್ಕದು ಮಾಡಿಸಬಹುದೆ ಎಂದು ಮೇಲಿನ ಹುಜೂರು ಕಚೇರಿಗೆ ವಿನಯದಿಂದ ಬರೆದು ಕೇಳಿದೆ. ಏಳು ತಿಂಗಳು ಆಲೋಚಿಸಿ ಅವರು ಕೊಟ್ಟ ಉತ್ತರ ನನಗೆ ಬಾಯಿಪಾಠ ಬರುತ್ತದೆ: "ಉಡುಪಿಗೆ ಸರಿಹೊಂದುವ ಅಭ್ಯರ್ಥಿಯನ್ನು ನೇಮಿಸತಕ್ಕದ್ದು. ಅಭ್ಯರ್ಥಿಗೆ ಸರಿಹೊಂದುವಂತೆ ಉಡುಪನ್ನು ಮಾರ್ಪಡಿಸತಕ್ಕದ್ದಲ್ಲ." ಓದು ಬರಹ ಬರುತ್ತದೆಯೆ, ನಡತೆ ಹೇಗೆ, ಕುಡಿಯುತ್ತಾನೆಯೆ ಎಂಬ ಒಂದು ಮಾತೂ ಅದರಲ್ಲಿರಲಿಲ್ಲ.

ಕಚೇರಿ ಸೋರುತ್ತದೆ, ಬೀರುವಿನಲ್ಲಿಟ್ಟರೆ ಆಷಾಢ ಮುಗಿಯುವುದರೊಳಗೆ ಉಣ್ಣೆಯ ಮೇಲೆ ಬೂಷ್ಟು ಬೆಳೆಯುತ್ತದೆ. ಆದ್ದರಿಂದ ಕೋಟು ನಮ್ಮ ಮನೆಗೆ ಬಂತು. ಸರ್ವಮಂಗಳೆ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಕಟ್ಟಿದಳು. ಅದು ಅವಳ ಹಪ್ಪಳದ ಜಾಗ. ಹಪ್ಪಳಕ್ಕೆ ಬೂಷ್ಟು ಬಂತು, ಕೋಟು ಸುಖವಾಗಿತ್ತು. ಇದರ ಮಾತು ನಾನು ಎರಡು ಮಳೆಗಾಲ ಕೇಳಿದೆ. ಕೋಟು ಮನೆಯಲ್ಲಿದ್ದದ್ದರಿಂದ ನೇಮಕಾತಿಯೂ ಮನೆಗೇ ಬಂತು. ನಮ್ಮ ಜಗುಲಿಯ ಮೇಲೆ ಸರ್ಕಾರದ ಪರವಾಗಿ ನಾನು ಕೂರುವುದು, ಒಳಗಿನಿಂದ ಅವಳು ಕೋಟು ತಂದು ಹಿಡಿಯುವುದು, ಬಂದವನು ಅದರೊಳಗೆ ಕೈ ತೂರಿಸುವುದು. ಪರೀಕ್ಷೆ ಅಷ್ಟೆ.

ಮೊದಲು ಬಂದವನು ಚೌಡಯ್ಯ. ಅಗಲಕ್ಕೆ ಮೋಸವಿಲ್ಲ, ಎತ್ತರದಲ್ಲಿ ಕೈಕೊಟ್ಟ. ಕೋಟು ಮೊಣಕಾಲು ದಾಟಿ ಇಳಿಯಿತು, ಕೈಗಳು ತೋಳಿನೊಳಗೇ ಕಾಣೆಯಾದವು. ಇವನು ಟಪಾಲು ಹಿಡಿಯುವುದು ಯಾವುದರಿಂದ ಎಂದು ಸರ್ವಮಂಗಳೆ ಕೇಳಿದಳು. ಎರಡನೆಯವನು ಗುರುವಯ್ಯ. ಎತ್ತರವೇನೋ ಸರಿ, ಆದರೆ ಮೈಯಲ್ಲಿ ಮಾಂಸವೇ ಇಲ್ಲ. ಆರು ತಿಂಗಳು ಸರ್ಕಾರ ಹೊಟ್ಟೆ ತುಂಬ ಊಟ ಹಾಕಿದರೆ ಕೋಟು ತುಂಬಿಕೊಳ್ಳುತ್ತೇನೆ ಎಂದು ಅವನೇ ಸೂಚಿಸಿದ. ಅದನ್ನೂ ಹುಜೂರಿಗೆ ಬರೆದು ಕಳಿಸಿದೆ. ಅಲ್ಲಿಂದ ಇನ್ನೂ ಉತ್ತರ ಬಂದಿಲ್ಲ.

ಮೂರನೆಯವನು ಬೆಳ್ಳಿಯಪ್ಪ. ಅವನ ಮೈಮೇಲೆ ಕೋಟು ಕೂತದ್ದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಒಂದೊಂದು ಗುಂಡಿಯೂ ತನ್ನ ತೂತು ಸೇರಿತು. ಇಂದೇ ಬಾ ಎಂದೆ. ಅವನು ಕೋಟು ಬಿಚ್ಚಿ ಮಡಿಸುತ್ತ ತನ್ನ ಷರತ್ತು ಹೇಳಿದ.

"ಮಳೆಗಾಲದಲ್ಲಿ ಬರ್ತೀನಿ ಸ್ವಾಮಿ. ಕಾಫಿ ಹಣ್ಣು ಕೊಯ್ಲು ಶುರುವಾಯ್ತು ಅಂದ್ರೆ ಶಿವರಾತ್ರಿವರೆಗೆ ತೋಟ ಬಿಟ್ಟು ಬರೋಕಾಗಲ್ಲ. ಅಷ್ಟು ದಿನ ನಿಮ್ಮ ಕಚೇರಿ ಬಾಗಿಲು ಹಾಕ್ಕೊಂಡಿರ್ಲಿ, ಎಂತ ಆಗುತ್ತೆ?"

ಸರ್ಕಾರ ಎಂಬುದು ವರ್ಷವಿಡೀ ನಡೆಯುವ ವಸ್ತು ಎಂದು ಅವನಿಗೆ ವಿವರಿಸಿದೆ. ಕೊಯ್ಲಿನ ನಾಲ್ಕು ತಿಂಗಳು ಊರಿಗೆ ಊರೇ ತೋಟದಲ್ಲಿರುವಾಗ ನಿಮ್ಮ ಕಚೇರಿಗೆ ಬರುವವರು ಯಾರು ಮಾರಾಯ್ರೆ ಎಂದು ಅವನು ಕೇಳಿದ. ಅದು ನಿಜವೇ. ಕೊಯ್ಲಿನ ಕಾಲದಲ್ಲಿ ನಾನೂ ಕಚೇರಿಯಲ್ಲಿ ನಿದ್ದೆ ಮಾಡುವುದೇ ಹೆಚ್ಚು. ಆದರೆ ಅದನ್ನು ಕಡತದಲ್ಲಿ ಬರೆಯಲು ಬರುವುದಿಲ್ಲವಲ್ಲ.

ಆಮೇಲೆ ಬಯಲುಸೀಮೆಯಿಂದ ರೇವಣ್ಣ ಬಂದ. ಅಳತೆ ಸರಿ, ಷರತ್ತೂ ಇಲ್ಲ. ಹನ್ನೊಂದು ದಿನ ನಾನು ಗಂಟೆ ಬಾರಿಸಿದೆ, ಬೇರೊಬ್ಬ ಎದ್ದು ಬಂದ. ಆ ಹನ್ನೊಂದು ದಿನ ನನ್ನ ಬಾಳಿನ ಸುವರ್ಣಯುಗ. ಹನ್ನೆರಡನೆಯ ದಿನ ಅವನಿಗೆ ಚಳಿಜ್ವರ ಹಿಡಿಯಿತು. ಈ ಊರೇ ಬೇಡ ಎಂದು ಕೋಟಿನ ಸಮೇತ ಚಿಕ್ಕಮಗಳೂರಿನ ಮೋಟಾರು ಹತ್ತಿ ಕೂತುಬಿಟ್ಟ. ನಾನು ಓಡಿಹೋಗಿ ಮೋಟಾರು ನಿಲ್ಲಿಸಿ, ಗಡಗಡ ನಡುಗುತ್ತಿದ್ದವನ ಮೈಯಿಂದ ಸರ್ಕಾರದ ಆಸ್ತಿಯನ್ನು ಬಿಚ್ಚಿಸಿದೆ. ಒಳಗೆ ಕೂತಿದ್ದವರು ನನ್ನ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಹಿಂದೆಯೇ ಬಂದ ಸರ್ವಮಂಗಳೆ ನಮ್ಮ ಮನೆಯ ಒಳ್ಳೆಯ ಕಂಬಳಿಯನ್ನು ಅವನಿಗೆ ಹೊದಿಸಿ ಕಳಿಸಿದಳು. ಕಂಬಳಿ ಹೋಯಿತು, ಕೋಟು ಉಳಿಯಿತು, ಹುದ್ದೆ ಮತ್ತೆ ಖಾಲಿಯಾಯಿತು.

ಈ ಎಲ್ಲ ಕಾಲದಲ್ಲೂ ಒಬ್ಬ ಅಭ್ಯರ್ಥಿ ನಮ್ಮ ಮನೆಯಲ್ಲೇ ಇದ್ದ ಎಂಬುದನ್ನು ನಾನು ಇಷ್ಟು ಹೊತ್ತು ಹೇಳಲಿಲ್ಲ. ಹೇಳಲು ಮನಸ್ಸಿರಲಿಲ್ಲ. ಅವನು ನನ್ನ ಭಾವಮೈದ ಷಡಕ್ಷರಿ. ಮೂವತ್ತು ದಾಟಿದ ಆಸಾಮಿ. ತರೀಕೆರೆಯಲ್ಲಿ ಅಂಗಡಿ ಇಟ್ಟು, ಅದನ್ನು ಮುಚ್ಚಿ, ನಾಲ್ಕು ದಿನ ಅಕ್ಕನ ಮನೆಯಲ್ಲಿದ್ದು ಹೋಗಲು ಬಂದಿದ್ದ. ಆ ನಾಲ್ಕು ದಿನ ಶುರುವಾಗಿ ಎರಡು ವರ್ಷವಾಗಿತ್ತು. ಎತ್ತರವಿದ್ದರೂ ಕಡ್ಡಿಯಂಥ ಮೈ, ಕೋಟು ಹಾಕಿ ನಿಲ್ಲಿಸಿದರೆ ಇನ್ನೊಬ್ಬ ಷಡಕ್ಷರಿಗೆ ಒಳಗೆ ಜಾಗವಿತ್ತು. ಪಕ್ಕದಲ್ಲಿ ನಾಲ್ಕು ನಾಲ್ಕು ಬೆರಳು ಒಳಗೆ ಹಿಡಿದು ಹೊಲಿದರೆ ಸರಿಹೋಗುತ್ತದೆ ಎಂದು ಸರ್ವಮಂಗಳೆ ಮೊದಲ ದಿನವೇ ಹೇಳಿದ್ದಳು. ಹುಜೂರಿನ ಮೆಮೊ ಬಂದಮೇಲೆ ನಾನು ಅದನ್ನು ತೆಗೆದು ಗಟ್ಟಿಯಾಗಿ ಓದಿದೆ. ನಿಮ್ಮಲ್ಲಿ ಮುಚ್ಚುಮರೆ ಯಾಕೆ, ಆ ಮೆಮೊ ಬಂದ ದಿನ ನನಗೆ ಹಬ್ಬವಾಗಿತ್ತು. ಮನೆಯಲ್ಲಿ ಮೂರು ಹೊತ್ತೂ ಆ ಮುಖ ನೋಡುವವನು ಕಚೇರಿಯಲ್ಲೂ ಅದನ್ನೇ ನೋಡಬೇಕೆ?

ಹೀಗಿರುವಾಗ ಜನವರಿಯಲ್ಲಿ ಹುಜೂರಿನಿಂದ ಕಾಗದ ಬಂತು. ಬೆಂಗಳೂರಿನಿಂದ ಹೊಸದಾಗಿ ಬಂದ ಸಾಹೇಬರು ಗುರುವಾರ ಹನ್ನೊಂದು ಗಂಟೆಗೆ ತಪಾಸಣೆಗೆ ಬರುತ್ತಾರೆ. ಖಾಲಿ ಹುದ್ದೆ ತುಂಬದೆ ಕೂತಿರುವ ಮುನ್ಷಿಗಳ ಮೇಲೆ ಅವರಿಗೆ ವಿಶೇಷ ಕಣ್ಣು. ಇಲ್ಲಿ ನಿಮಗೊಂದು ವಿಷಯ ತಿಳಿದಿರಬೇಕು. ಚಿಕ್ಕಮಗಳೂರಿನಲ್ಲಿ ಹೆಡ್ ಮುನ್ಷಿಯ ಜಾಗ ತೆರವಾಗಿತ್ತು, ನನ್ನ ಹೆಸರು ಮೇಲೆ ಹೋಗಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹನ್ನೊಂದು ವರ್ಷ ಇದೇ ಸೋರುವ ಕೋಣೆಯಲ್ಲಿ ಕಳೆದವನು ನಾನು. ಈ ಸಲ ತಪ್ಪಿದರೆ ಇಲ್ಲೇ ಪಿಂಚಣಿ, ಇಲ್ಲೇ ಸಮಾಧಿ. ಸರ್ವಮಂಗಳೆ ಆಗಲೇ ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿ ಬಾಡಿಗೆ ಮನೆ ನೋಡಿಟ್ಟು, ಯಾವ ಗೂಡಿನಲ್ಲಿ ಯಾವ ಡಬ್ಬ ಎಂಬುದನ್ನೂ ನಿಶ್ಚಯಿಸಿದ್ದಳು.

"ಷಡಕ್ಷರೀನ ನಿಲ್ಲಿಸಿ," ಎಂದಳು. "ಇವತ್ತೇ ಕೂತು ನಾನು ಹೊಲಿದು ಕೊಡ್ತೀನಿ."

"ಸರ್ಕಾರದ ಉಣ್ಣೆಗೆ ಸೂಜಿ ತಾಗಿಸಿದ್ರೆ ನನ್ನ ಪಿಂಚಣಿ ಹೋಗುತ್ತೆ."

"ಸೂಜಿ ತಾಗಿಸದೇನೇ ಸರ್ಕಾರ ಅದನ್ನ ಹೊಲಿಸ್ತಾ? ನಿಮಗೆ ಕೋಟಿನ ಚಿಂತೆ ಇಲ್ಲ ಬಿಡಿ. ಅವನು ಊಟಕ್ಕೆ ಕೂತ್ರೆ ಕಣ್ಣು ಕೆಂಪು ಮಾಡ್ತೀರಿ, ದುಡೀತೀನಿ ಅಂದ್ರೆ ಮೆಮೊ ಓದ್ತೀರಿ."

ಅವಳು ಹೇಳಿದ್ದು ಅಕ್ಷರಶಃ ನಿಜವಾದ್ದರಿಂದ ನನಗೆ ವಿಪರೀತ ಸಿಟ್ಟು ಬಂತು. ನಾನು ನೇರವಾಗಿ ಬೆಳ್ಳಿಯಪ್ಪನಲ್ಲಿಗೆ ಹೋಗಿ, ಗುರುವಾರ ಒಂದು ಹೊತ್ತು ಕೋಟು ಹಾಕಿ ಬಾಗಿಲಲ್ಲಿ ನಿಂತು ಹೋಗು, ಉಳಿದದ್ದು ಆಮೇಲೆ ನೋಡೋಣ ಎಂದು ಕೈಹಿಡಿದು ಕೇಳಿಕೊಂಡೆ. ಬರುತ್ತೇನೆ ಎಂದ. ಮಾತಿಗೆ ತಪ್ಪುವವನ ಮುಖವಾಗಿರಲಿಲ್ಲ ಅದು.

ಗುರುವಾರ ಹತ್ತೂವರೆಗೆ ಷಡಕ್ಷರಿ ಮನೆಯಿಂದ ಕೋಟು, ಪೇಟ, ಬಿಲ್ಲೆ ತಂದು ಕಚೇರಿಯ ಬೆಂಚಿನ ಮೇಲಿಟ್ಟು, ಸಾಹೇಬರ ಕಾರು ನೋಡಬೇಕೆಂದು ಹೊರಗೆ ಕಿಟಕಿಯ ಪಕ್ಕ ನಿಂತ. ಬೆಳ್ಳಿಯಪ್ಪ ಬರಲಿಲ್ಲ. ಹಣ್ಣು ಒಟ್ಟಿಗೇ ಕಳಿತಿವೆ, ತೋಟದ ರೈಟರು ಬಿಡುತ್ತಿಲ್ಲ ಎಂದು ಯಾರದೋ ಕೈಲಿ ಹೇಳಿಕಳಿಸಿದ. ಅಷ್ಟರಲ್ಲಿ ತಿರುವಿನಲ್ಲಿ ಕಾರಿನ ಹಾರನ್ನು ಕೇಳಿಸಿತು.

ಆಗ ನನ್ನ ತಲೆಗೆ ಒಂದು ಮಹಾ ಉಪಾಯ ಹೊಳೆಯಿತು. ಸಾಹೇಬರು ಮೊದಲು ನೋಡುವುದು ಬಾಗಿಲಲ್ಲಿರುವ ಜವಾನನನ್ನು. ನಾನೇ ಕೋಟು ಹಾಕಿ ಸಲಾಮು ಮಾಡಿ ಅವರನ್ನು ಒಳಗೆ ಕೂರಿಸಿ, ಹಿಂಬಾಗಿಲಿಗೆ ಹೋಗಿ ಕೋಟು ಬಿಚ್ಚಿ, ಕನ್ನಡಕ ಏರಿಸಿ ಮುನ್ಷಿಯಾಗಿ ಬಂದರೆ ಇಬ್ಬರೂ ಹಾಜರಾದಂತೆ ಅಲ್ಲವೆ? ಕನ್ನಡಕ ಜೇಬಿಗೆ ಹಾಕಿ ಕೋಟಿನೊಳಗೆ ಕೈ ತೂರಿಸಿದೆ. ಭುಜ ಸರಿ, ತೋಳು ಸರಿ, ಹೊಟ್ಟೆ ಬಹಳ ಸರಿ. ಹದಿನೆಂಟು ತಿಂಗಳು ತಾಲ್ಲೂಕೆಲ್ಲ ಹುಡುಕಿದ ಅಳತೆ ನನ್ನದೇ ಆಗಿತ್ತು. ಬಿಲ್ಲೆ ಸಿಕ್ಕಿಸುವುದಕ್ಕೂ ಸಾಹೇಬರು ಇಳಿಯುವುದಕ್ಕೂ ಸರಿಹೋಯಿತು.

ಸಲಾಮು ಮಾಡಿದೆ. ಸಾಹೇಬರು ಬಿಲ್ಲೆ ನೋಡಿದರು, ಗುಂಡಿ ನೋಡಿದರು, ತಲೆಯಾಡಿಸಿದರು. ಒಳಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂತರು. ನಾನು ಹಿಂಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟೆ.

"ಎಲ್ಲಿಗೆ ಹೋಗ್ತೀಯ? ಇಲ್ಲೇ ನಿಂತಿರು. ನಿಮ್ಮ ಮುನ್ಷಿ ಎಲ್ಲಿ?"

"ಈಗ ಬರ್ತಾರೆ, ಸ್ವಾಮಿ."

ನೀರು ತಾ ಎಂದರು, ತಂದೆ. ಹಾಜರಿ ಪುಸ್ತಕ ತಾ ಎಂದರು, ತಂದೆ. ಮೂವತ್ತೊಂದನೇ ಇಸವಿಯ ಮಳೆಹಾನಿಯ ಕಡತ ಇದೆಯೇನೋ ಎಂದು ಕೇಳಿದರು. ಬೀರುವಿನ ಮೂರನೆಯ ಖಾನೆಯಿಂದ ಎಳೆದು ಧೂಳು ಒರೆಸಿ ಕೊಟ್ಟೆ. ಅವರು ಬಾಯಿ ತೆರೆಯುವುದರೊಳಗೆ ಅದರ ಹಿಂದಿನ ಕಡತವನ್ನೂ ಇಟ್ಟೆ. ಸಾಹೇಬರಿಗೆ ಆಶ್ಚರ್ಯವಾಯಿತು. ನಿನ್ನ ಹೆಸರೇನು ಎಂದು ಕೇಳಿದರು. ನನ್ನ ಹೆಸರು ಹೇಳುವಂತಿಲ್ಲ. ಕಿಟಕಿಯಲ್ಲಿ ಕತ್ತು ಚಾಚಿದ ಒಂದು ಮುಖ ಕಂಡಿತು. "ಷಡಕ್ಷರಿ, ಸ್ವಾಮಿ" ಎಂದುಬಿಟ್ಟೆ. ಅಲ್ಲಿಂದ ಮುಂದೆ ಮೂರು ತಾಸು ಷಡಕ್ಷರಿ ಅದು ತಾ, ಷಡಕ್ಷರಿ ಇದು ತೆಗೆ. ಪ್ರತಿ ಅರ್ಧ ಗಂಟೆಗೂ ಮುನ್ಷಿ ಬಂದನೆ ಎಂಬ ಪ್ರಶ್ನೆ. ಕೊನೆಗೆ ಆ ಮುನ್ಷಿ ಎಂಥವನಯ್ಯ ಎಂದರು. ಇಂಥ ಅವಕಾಶ ಯಾವ ನೌಕರನಿಗೂ ಸಿಕ್ಕಿರಲಿಕ್ಕಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ.

"ದೇವರಂಥವರು ಸ್ವಾಮಿ. ಈ ಕಚೇರಿ ನಿಂತಿರೋದೇ ಅವರಿಂದ. ಬಹಳ ಬುದ್ಧಿವಂತರು. ಚಿಕ್ಕಮಗಳೂರಿನಲ್ಲಿ ಇರಬೇಕಾದವರು."

ಸಾಹೇಬರು ಮರುಗಿದವರಂತೆ ನನ್ನ ಗುಂಡಿಗಳನ್ನೇ ನೋಡಿದರು. "ಅಂಥ ಮೈಗಳ್ಳನನ್ನೂ ಬಿಟ್ಟುಕೊಡದೆ ಮಾತಾಡ್ತೀಯಲ್ಲ, ನಿಯತ್ತು ಅಂದ್ರೆ ಇದು. ಕೆಲಸ ಎಲ್ಲ ನೀನೇ ಮಾಡ್ತಿದ್ದೀಯ ಅಂತ ನನಗೆ ಗೊತ್ತಾಯ್ತು ಬಿಡು" ಎಂದು ತಪಾಸಣಾ ಪುಸ್ತಕದಲ್ಲಿ ಒಂದು ಪುಟ ಬರೆದು ಕಾರು ಹತ್ತಿದರು. ಬಾಗಿಲು ತೆಗೆದವನೂ ಹಾಕಿದವನೂ ನಾನೇ.

ಹತ್ತು ದಿನಕ್ಕೆ ಎರಡು ಹುಕುಂ ಬಂದವು. ಒಂದರಲ್ಲಿ, ತಪಾಸಣೆಯ ದಿನ ಗೈರುಹಾಜರಾದ ಮುನ್ಷಿ ಶಾಂತವೀರಪ್ಪನ ಬಡ್ತಿಯನ್ನು ತಡೆದಿದೆ, ಅವನು ಇಂಥ ದಿನ ಹನ್ನೊಂದು ಗಂಟೆಗೆ ಚಿಕ್ಕಮಗಳೂರಿನ ಬಂಗಲೆಗೆ ಖುದ್ದಾಗಿ ಬಂದು ಸಮಜಾಯಿಷಿ ಕೊಡತಕ್ಕದ್ದು, ಕೊಟ್ಟ ಸಮಜಾಯಿಷಿ ಒಪ್ಪಿಗೆಯಾದರೆ ಬಡ್ತಿಯ ವಿಷಯ ಪುನಃ ಪರಿಶೀಲಿಸಲಾಗುವುದು ಎಂದಿತ್ತು. ಇನ್ನೊಂದರಲ್ಲಿ, ಜವಾನ ಷಡಕ್ಷರಿಯನ್ನು ಅವನ ಅಸಾಧಾರಣ ದಕ್ಷತೆಗಾಗಿ ಚಿಕ್ಕಮಗಳೂರಿಗೆ, ಸಾಹೇಬರ ಖಾಸಾ ಬಂಗಲೆಗೆ, ಉಡುಪಿನ ಸಮೇತ ವರ್ಗ ಮಾಡಿದೆ ಎಂದಿತ್ತು. ಹನ್ನೊಂದು ವರ್ಷದಿಂದ ನಾನು ಬೇಡಿದ ವರ್ಗ ಬಂದಿತ್ತು. ಹೆಸರು ಮಾತ್ರ ಬೇರೆ.

ಸರ್ವಮಂಗಳೆ ಎರಡನ್ನೂ ಓದಿಸಿ ಕೇಳಿದಳು. ಆಮೇಲೆ ಅಟ್ಟದಿಂದ ಕೋಟು ಇಳಿಸಿ, ಸೂಜಿ ದಾರ ತೆಗೆದು ಕೂತಳು. ನಾನು ಮೆಮೊ ಎಂದೆ.

"ಆ ಮೆಮೊ ಅಭ್ಯರ್ಥಿಗೆ ಅಲ್ವಾ?" ಎಂದಳು ತಲೆಯೆತ್ತದೆ. "ಇವನೀಗ ನೌಕರ."

ಮುಖ ಬೇರೆಯೆಂದು ಸಾಹೇಬರು ಗುರುತು ಹಿಡಿದರೆ ನಾವಿಬ್ಬರೂ ಜೈಲಿಗೆ ಹೋಗುತ್ತೇವೆ ಎಂದು ಹೆದರಿಸಿದೆ. ಸಾಹೇಬರಾದವರು ಜವಾನನ ಮುಖ ಯಾವ ಕಾಲಕ್ಕೆ ನೋಡುತ್ತಾರೆ ಎಂದು ಅವಳು ದಾರ ಕಚ್ಚಿ ತುಂಡು ಮಾಡಿದಳು. ಸಂಜೆಯೊಳಗೆ ಕೋಟು ಷಡಕ್ಷರಿಯ ಮೈಗೆ ಅಂಟಿಕೊಂಡಂತೆ ಕೂತಿತು. ಹದಿನೆಂಟು ತಿಂಗಳ ಸಮಸ್ಯೆಗೆ ಹಿಡಿದದ್ದು ಒಂದು ಮಧ್ಯಾಹ್ನ. ಮಾರನೆಯ ದಿನ ಅವನು ಮೋಟಾರು ಹತ್ತಿದ. ತಮ್ಮನಿಗೆ ಅಡಿಗೆ ಮನೆ ಹೊಂದಿಸಿಕೊಡಲು ಅವಳೂ ಹತ್ತಿದಳು. ಬಸವನಹಳ್ಳಿಯ ಮನೆಗೆ ಅವಳ ಡಬ್ಬಗಳೂ ಹೋದವು.

ಸಮಜಾಯಿಷಿಯ ದಿನ ಬಂತು. ನಾನು ಹನ್ನೊಂದಕ್ಕೆ ಅರ್ಧ ಗಂಟೆ ಮೊದಲೇ ಬಂಗಲೆಯ ವರಾಂಡದಲ್ಲಿದ್ದೆ. ಜೇಬಿನಲ್ಲಿ ನಾಲ್ಕು ಪುಟದ ಅರಿಕೆ. ಅಂದು ನನಗೆ ವಾಂತಿಭೇದಿಯಾಗಿತ್ತು ಎಂಬುದನ್ನು ಓದಿದವರ ಕಣ್ಣು ಒದ್ದೆಯಾಗುವಂತೆ ಬರೆದಿದ್ದೆ. ಷಡಕ್ಷರಿ ಒಂದು ಸ್ಟೂಲಿನ ಮೇಲೆ ಕಾಲಮೇಲೆ ಕಾಲು ಹಾಕಿ ಅಡಿಕೆ ಕತ್ತರಿಸುತ್ತಿದ್ದ. ಒಂದೇ ತಿಂಗಳಿಗೆ ಕೆನ್ನೆ ತುಂಬಿತ್ತು. ಎಸ್ಟೇಟಿನ ಧಣಿಗಳು ಇಬ್ಬರು ಅವನಿಗೆ 'ಷಡಕ್ಷರಿಯವರೇ' ಎಂದು ನಮಸ್ಕಾರ ಹೇಳಿ ಹೋದರು. "ಕೂತ್ಕೊಳ್ಳಿ ಭಾವ, ಸಾಹೇಬರ ಮನಸ್ಸು ನೋಡಿ ಹೇಳ್ತೀನಿ" ಎಂದು ಅವನು ನನಗೆ ಬೆಂಚು ತೋರಿಸಿದ. ನಾನು ಕೂತೆ.

ಒಳಗಿನಿಂದ ಗಂಟೆಯ ಸದ್ದು ಬಂತು. "ಷಡಕ್ಷರಿ" ಎಂದು ಸಾಹೇಬರ ಕೂಗು.

ಅವನು ಅಡಕತ್ತರಿ ಮಡಿಸಿ ಕೆಳಗಿಟ್ಟು ಏಳುವುದರೊಳಗೆ ನಾನು ಒಳಗಿದ್ದೆ. ಹೇಗೆ ಹೋದೆ ಎಂದು ಕೇಳಬೇಡಿ. ಗಂಟೆಗೆ ಎದ್ದು ಹದಿನೆಂಟು ತಿಂಗಳ ಅಭ್ಯಾಸ, ಆ ಹೆಸರಿಗೆ ಓಗೊಟ್ಟು ಮೂರು ತಾಸಿನ ಅಭ್ಯಾಸ. ಎರಡೂ ಸೇರಿ ನನ್ನನ್ನು ಎತ್ತಿಕೊಂಡು ಹೋದವು. ಸಾಹೇಬರು ಏನೋ ಬರೆಯುತ್ತಿದ್ದರು, ತಲೆ ಎತ್ತಲಿಲ್ಲ. ಕಾಫಿ ಕುಡಿದ ಬಟ್ಟಲನ್ನು ನನ್ನ ಕೈಗೆ ಚಾಚಿದರು. ನಾನು ತೆಗೆದುಕೊಂಡೆ. ಅರಿಕೆ ಜೇಬಿನಲ್ಲಿತ್ತು, ಬಟ್ಟಲು ಎರಡೂ ಕೈಯಲ್ಲಿತ್ತು.

"ಗಂಟೆ ಹನ್ನೊಂದಾಯ್ತು" ಎಂದರು ಸಾಹೇಬರು, ಬರೆಯುತ್ತಲೇ. "ಆ ಮೂಡಿಗೆರೆ ಮುನ್ಷಿ ಬಂದ್ನೇನೋ?"

ನಾನು ಬಟ್ಟಲು ನೋಡಿದೆ. ಬಾಗಿಲು ನೋಡಿದೆ.

"ಇಲ್ಲ ಸ್ವಾಮಿ" ಎಂದೆ. "ಇನ್ನೂ ಬಂದಿಲ್ಲ."